ತಿಮ್ಮಯ್ಯನಿಲ್ಲದ ಆಲ್ಬಮ್

ಆಲ್ಬಮ್ಮಿನ ಕೊನೆಯ ಹಾಳೆ ಮಗುಚಿ ಗುರುಶಾಂತಮ್ಮ ಕೇಳಿದ ಒಂದೇ ಒಂದು ಪ್ರಶ್ನೆಯಿಂದ ಅವತ್ತಿನ ರಂಪವೆಲ್ಲ ಶುರುವಾಯಿತು.

“ಎಲ್ಲಾ ಚೆಂದಾಗೈತೆ. ಆದ್ರೆ ತಿಮ್ಮಯ್ಯನೋರು ಎಲ್ಲವ್ರೆ ಇದ್ರಲ್ಲಿ?”

ಬಾಯಲ್ಲಿದ್ದ ಉಪ್ಪಿಟ್ಟು ನುಂಗುವುದನ್ನೇ ತೋಂಟದಾರ್ಯ ಮರೆತ. ಹೆಂಡತಿಯ ಕೈಯಿಂದ ಆಲ್ಬಮ್ ಕಿತ್ತುಕೊಂಡು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ತಿರುವಿದ. ಹನ್ನೆರಡು ಕಪ್ಪು ಹಾಳೆ, ಹನ್ನೆರಡು ಫೋಟೋ. ಹನ್ನೆರಡರಲ್ಲೂ ತೋಂಟದಾರ್ಯನೇ. ಒಂದು ಕಾಲು ಬಂಡೆಯ ಮೇಲೆ, ಒಂದು ಕೈ ಸೊಂಟದ ಮೇಲೆ, ನೋಟ ಎಲ್ಲೋ ದೂರದಲ್ಲಿ, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತಿರುವವನ ಹಾಗೆ.

ತೋಂಟದಾರ್ಯ ತುರುವೇಕೆರೆಯ ವಾಚನಾಲಯ ನೋಡಿಕೊಳ್ಳುವವನು. ಹಿಂದಿನ ವರ್ಷ, ಎಪ್ಪತ್ತೆಂಟರ ಯುಗಾದಿಯ ಹೊತ್ತಿಗೆ, ಹಳೇ ಮಾಸಪತ್ರಿಕೆಯೊಂದರಲ್ಲಿ ಹಿಮಾಲಯ ಹತ್ತಿದವರ ಚಿತ್ರ ನೋಡಿ ಅವನ ತಲೆ ಕೆಟ್ಟಿತ್ತು. ತೆಂಗಿನಮರಕ್ಕಿಂತ ಎತ್ತರದ್ದೇನೂ ಕಣ್ಣಿಗೆ ಬೀಳದ ಊರಲ್ಲಿ ಕೂತು ತಿಂಗಳಿಗೊಂದು ಬೆಟ್ಟ ಹತ್ತುವ ಸಂಕಲ್ಪ ಮಾಡಿದ. ಒಬ್ಬನೇ ಹೋಗಲು ಬೇಜಾರು. ಅದೇ ಹೊತ್ತಿಗೆ ವಾಚನಾಲಯದ ಗೋಡೆಯ ಮೇಲೆ ತಾರೀಕು ಬರೆಯಲು ಬಂದವನು ಮಲೇರಿಯಾ ಇಲಾಖೆಯ ಸಣ್ಣತಿಮ್ಮಯ್ಯ. ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು, ತಾನು ಬಂದುಹೋದ ತಾರೀಕನ್ನು ಗೋಡೆಗೆ ಬರೆಯುವುದು ಅವನ ಕೆಲಸ. ಮೆತ್ತಗಿನ ಮನುಷ್ಯ. ಯಾರು ಏನು ಹೇಳಿದರೂ “ಆಗ್ಲಿ ಬುಡಿ” ಅನ್ನುವವನು.

“ಭಾನುವಾರ ಬೆಟ್ಟಕ್ಕೆ ಹೋಗೋಣ ಬಾರಯ್ಯ ತಿಮ್ಮಯ್ಯ,” ಅಂದಿದ್ದ ತೋಂಟದಾರ್ಯ.

“ಆಗ್ಲಿ ಬುಡಿ,” ಅಂದಿದ್ದ ತಿಮ್ಮಯ್ಯ.

ಹೀಗೆ ಹತ್ಯಾಳು ಬೆಟ್ಟದಿಂದ ಶುರುವಾಗಿ ಮಾಲೇಕಲ್ಲು, ಶಿವಗಂಗೆ, ದೇವರಾಯನದುರ್ಗ, ಸಿದ್ಧರಬೆಟ್ಟ ಅಂತ ಮಧುಗಿರಿಯ ತನಕ ಹನ್ನೆರಡಾದವು. ಡಬ್ಬಿ ಕ್ಯಾಮೆರಾ ತೋಂಟದಾರ್ಯನದು, ಅದನ್ನು ಹಿಡಿಯುವ ಕೈ ತಿಮ್ಮಯ್ಯನದು. ಒಂದು ರೋಲಿಗೆ ಹನ್ನೆರಡೇ ಫೋಟೋ. ಮೊದಲನೇ ಬೆಟ್ಟದ ಮೇಲೆ ತಿಮ್ಮಯ್ಯ ನಾಚಿಕೊಂಡು ಒಂದು ಮಾತು ಕೇಳಿದ್ದ: “ನಂದೂ ಒಂದು ಹೊಡೀರಿ ಸ್ವಾಮಿ, ಊರಿಗೆ ಕಳಿಸ್ತೀನಿ.”

“ಒಂದು ರೋಲಿಗೆ ಹನ್ನೆರಡೇ ಕಣಯ್ಯ. ತಿಂಗಳಿಗೊಂದು ಅಂತ ಹೊಂದ್ಸಿದೀನಿ. ಎಲ್ಲಾ ಕೆಡುತ್ತೆ,” ಅಂದಿದ್ದ ತೋಂಟದಾರ್ಯ.

“ಆಗ್ಲಿ ಬುಡಿ,” ಅಂದಿದ್ದ ತಿಮ್ಮಯ್ಯ. ಮತ್ತೆ ಕೇಳಿರಲಿಲ್ಲ.

ಈಗ ತಿಮ್ಮಯ್ಯನಿಗೆ ವರ್ಗವಾಗಿತ್ತು. ಅದೂ ದೂರದ ಸಿಂಧನೂರಿಗೆ. ಅವತ್ತು ಸಾಯಂಕಾಲ ನಾಲ್ಕಕ್ಕೆ ಬೀಳ್ಕೊಡುಗೆ, ಆರು ಗಂಟೆಯ ಬಸ್ಸಿಗೆ ಹೊರಡುವುದು. ಯಾರಿಗೂ ಹೇಳದಂತೆ ಆಲ್ಬಮ್ ಮಾಡಿಸಿ, ಪ್ರತಿ ಫೋಟೋದ ಕೆಳಗೂ ಬಿಳಿ ಶಾಯಿಯಲ್ಲಿ ಬೆಟ್ಟದ ಹೆಸರು ಬರೆದು, ಎಲ್ಲರೆದುರಿಗೆ ಗೆಳೆಯನ ಕೈಗಿಟ್ಟು ಬೆರಗುಗೊಳಿಸಬೇಕೆಂದು ತೋಂಟದಾರ್ಯ ವಾರದಿಂದ ಕುಣಿಯುತ್ತಿದ್ದ.

“ಅವರಿಗೆ ಕೊಡೋ ಪುಸ್ತಕದಲ್ಲಿ ಅವರೇ ಇಲ್ದೆ ಇದ್ರೆ ಏನು ಮಾಡ್ತಾರೆ ಅವರು ಅದನ್ನ ತಗಂಡು?” ಅಂದಳು ಗುರುಶಾಂತಮ್ಮ. “ನಿಮ್ಮನ್ನ ಗೋಡೆಗೆ ನೇತಾಕ್ಕೊಂಡು ದಿನಾ ನೋಡ್ತಾ ಕೂತಿರ್ಬೇಕಾ?”

ತಟ್ಟೆ ಅಲ್ಲೇ ಬಿಟ್ಟು ತೋಂಟದಾರ್ಯ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಓಡಿದ.

ಊರಿಗೊಂದೇ ಫೋಟೋ ಸ್ಟುಡಿಯೋ, ಕಾಡಸಿದ್ದಪ್ಪನದು. ಅದರ ಮೆಟ್ಟಿಲ ಮೇಲೆ ಹೂವು ಮಾರುವ ಕೆಂಪಕ್ಕ ಕನಕಾಂಬರ ಕಟ್ಟುತ್ತಾ ಕೂತಿದ್ದಳು. ಅವಳನ್ನು ದಾಟಿಕೊಂಡು ಒಳಗೆ ನುಗ್ಗಿ ತೋಂಟದಾರ್ಯ ಏದುಸಿರು ಬಿಟ್ಟ.

“ಕಾಡಸಿದ್ದಪ್ಪ, ಇದ್ರಲ್ಲಿ ಎಲ್ಲಾದ್ರೂ ತಿಮ್ಮಯ್ಯ ಒಂಚೂರಾದ್ರೂ ಬಿದ್ದವ್ನಾ ನೋಡಪ್ಪ.”

“ಬಿದ್ದಿದ್ರಲ್ಲ,” ಅಂದ ಕಾಡಸಿದ್ದಪ್ಪ. “ಮೂರು ಫೋಟೋದಲ್ಲಿ ಅವರ ನೆರಳು ನಿಮ್ಮ ಕಾಲ ತಾವ ಬಿದ್ದಿತ್ತು. ಟೋಪಿ ಸಮೇತ. ‘ಇದ್ಯಾಕೆ ಕರ್ರಗೆ, ಕತ್ತರ್ಸಾಕು’ ಅಂತ ನೀವೇ ಅಂದ್ರಿ. ಕತ್ತರಿಸ್ದೆ.”

ತೋಂಟದಾರ್ಯ ಸ್ಟೂಲಿನ ಮೇಲೆ ಕುಸಿದು ಕೂತ. ಅಂದದ್ದು ನಿಜ. ಆಗ ಅದು ಬರೀ ಕಪ್ಪು ಕಲೆಯಾಗಿ ಕಂಡಿತ್ತು.

“ಅವರದ್ದೊಂದು ಫೋಟೋ ಎಲ್ಲಿಂದಾದ್ರೂ ತಂದ್ರೆ ಸಾಯಂಕಾಲದೊಳಗೆ ದೊಡ್ಡದು ಮಾಡಿ ಕೊಡ್ತೀಯಾ?”

“ಅಷ್ಟು ಅರ್ಜೆಂಟಾ? ಏನಾಯ್ತು ತಿಮ್ಮಯ್ಯನೋರಿಗೆ?”

ಉಡುಗೊರೆಯ ಗುಟ್ಟು ಹೊರಗೆ ಹೋಗಬಾರದಲ್ಲ. ತೋಂಟದಾರ್ಯ ದನಿ ತಗ್ಗಿಸಿದ. “ಈಗೇನೂ ಕೇಳ್ಬೇಡ ಕಣಪ್ಪ. ಅವರ ಹೆಂಡ್ತಿ ಕಿವಿಗೂ ಬೀಳ್ಬಾರ್ದು. ಮುಖ ಚೆನ್ನಾಗಿ ಕಾಣ್ಬೇಕು, ಅಷ್ಟೆ. ಇನ್ನು ಆ ಮುಖ ನಾವೆಲ್ಲಿ ನೋಡ್ತೀವಿ?” ಅನ್ನುವಾಗ ಅವನಿಗರಿವಿಲ್ಲದೆ ಕಣ್ಣು ಒದ್ದೆಯಾಯಿತು. ಅಂಗಿಯ ತೋಳಿನಲ್ಲಿ ಒರೆಸಿಕೊಂಡು ಎದ್ದ.

ಮೆಟ್ಟಿಲ ಮೇಲೆ ಕನಕಾಂಬರ ಕಟ್ಟುತ್ತಿದ್ದ ಕೆಂಪಕ್ಕನ ಕೈ ನಿಂತಿತು. ಅವನು ತಿರುವು ದಾಟುವುದನ್ನೇ ಕಾದಿದ್ದು, ಕನಕಾಂಬರವನ್ನು ಬುಟ್ಟಿಗೆ ಸುರಿದು, ಚೆಂಡುಹೂವಿನ ಗಂಟು ಬಿಚ್ಚಿದಳು.

“ಯಾರಿಗಕ್ಕ ಹಾರ?” ಅಂದ ಎದುರು ಹೋಟೆಲಿನ ಗಿಡ್ಡಯ್ಯ.

“ಮಲೇರಿಯಾ ತಿಮ್ಮಯ್ಯ ಹೋಗ್ಬುಟ್ರಂತೆ ಕಣಪ್ಪ. ಪಾಪ, ಹೆಂಡ್ರಿಗೇ ಇನ್ನೂ ತಿಳಿಸಿಲ್ವಂತೆ.”

ಇತ್ತ ತೋಂಟದಾರ್ಯ ತಿಮ್ಮಯ್ಯನ ಮನೆ ಮುಟ್ಟಿದ. ತಿಮ್ಮಯ್ಯ ಇರಲಿಲ್ಲ. ಸಾಮಾನನ್ನು ರೈಲಿಗೆ ಹಾಕಲು ಬೆಳಗಿನ ಬಸ್ಸಿಗೇ ತಿಪಟೂರಿಗೆ ಹೋಗಿದ್ದ. ಅವನ ಹೆಂಡತಿ ನಿಂಗಮ್ಮ ಖಾಲಿ ಮನೆಯಲ್ಲಿ ಕಸ ಗುಡಿಸುತ್ತಿದ್ದಳು.

“ನಿಂಗಮ್ಮ, ನಿಮ್ಮ ಯಜಮಾನರದ್ದೊಂದು ಫೋಟೋ ಬೇಕಾಗಿತ್ತು. ಯಾಕೆ ಅಂತ ಕೇಳ್ಬೇಡ.”

“ಫೋಟೋನಾ? ಅವರದೆಲ್ಲಿ ಐತಣ್ಣ? ನಮ್ಮ ಮದ್ವೇಲಿ ಫೋಟೋದೋನು ಬರ್ಲೇ ಇಲ್ಲ. ಆಪೀಸ್ ಗೋಡೆ ಮೇಲೆ ಎಲ್ರೂ ನಿಂತಿರೋದು ಒಂದೈತಂತೆ, ಅದೊಂದೇ.” ಪೊರಕೆ ಕೆಳಗಿಟ್ಟು ಅವಳು ತೋಂಟದಾರ್ಯನ ಮುಖವನ್ನೇ ನೋಡಿದಳು. “ಯಾಕಣ್ಣ ಕಣ್ಣು ಕೆಂಪಗಾಗವೆ?”

“ಧೂಳು ಕಣಮ್ಮ,” ಅಂದು ಅವನು ತಿರುಗಿ ನೋಡದೆ ಹೊರಟ. ನಿಂಗಮ್ಮ ಬಾಗಿಲಲ್ಲೇ ನಿಂತಳು.

ಮಲೇರಿಯಾ ಆಫೀಸಿನಲ್ಲಿ ಸಾಹೇಬರು ಇನ್ನೂ ಬಂದಿರಲಿಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ ಏನೋ ಇತ್ತು. ಔಷಧಿ ಸಿಂಪಡಿಸುವ ತಂಡದ ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು. ಜವಾನ ಬೆರಳಿಟ್ಟು ತೋರಿಸಿದ, “ಇವ್ರೇ ತಿಮ್ಮಯ್ಯನೋರು.” ಮೂಗುಬಾಯಿಗೆ ಬಟ್ಟೆ, ತಲೆಗೆ ಹಣೆ ಮುಚ್ಚುವ ಟೋಪಿ. ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ, ಅದರಲ್ಲೂ ಒಂದು ಅರ್ಧ ಮುಚ್ಚಿತ್ತು.

ಇಲ್ಲದ್ದಕ್ಕಿಂತ ಇದೇ ವಾಸಿ ಎಂದು ತೋಂಟದಾರ್ಯ ಫೋಟೋ ಇಳಿಸಿಕೊಂಡು, ಎದೆಗವಚಿಕೊಂಡು, ಮಟಮಟ ಮಧ್ಯಾಹ್ನ ಪೇಟೆಬೀದಿಯಲ್ಲಿ ನಡೆದ. ಕಟ್ಟು ಹಾಕಿದ ಫೋಟೋ ಎದೆಗವಚಿಕೊಂಡ ಮನುಷ್ಯನನ್ನು ನೋಡಿ ಕೊಬ್ಬರಿ ಮಂಡಿಯವರು ಎದ್ದು ನಿಂತರು. ಸೈಕಲ್ ಮೇಲೆ ಬರುತ್ತಿದ್ದವನೊಬ್ಬ ಇಳಿದ. ಗಿಡ್ಡಯ್ಯ ಹೋಟೆಲಿನ ಒಂದು ಬಾಗಿಲು ಮುಚ್ಚಿದ. ಊರಿನವರಿಗೆ ತನ್ನ ಮೇಲೆ ಇದ್ದಕ್ಕಿದ್ದಂತೆ ಯಾಕಿಷ್ಟು ಗೌರವ ಬಂತೆಂದು ತೋಂಟದಾರ್ಯ ಯೋಚಿಸಲಿಲ್ಲ. ಎಲ್ಲರಿಗೂ ತಲೆಯಾಡಿಸಿಕೊಂಡು ಹೋದ.

ಕಾಡಸಿದ್ದಪ್ಪ ಅವನನ್ನು ಕತ್ತಲೆ ಕೋಣೆಯೊಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡ. ಎರಡೂವರೆ ತಾಸು ಗುದ್ದಾಡಿದ. ಕೊನೆಗೆ ನೀರಿನ ತಟ್ಟೆಯೊಳಗಿಂದ ಎದ್ದು ಬಂದದ್ದನ್ನು ಇಬ್ಬರೂ ನೋಡಿದರು. ಒಲೆಯ ಹೊಗೆಯಲ್ಲಿ ಯಾರೋ ಎರಡು ಹುಣಿಸೆಬೀಜ ಅಂಟಿಸಿದ ಹಾಗಿತ್ತು.

“ಇದು ತಿಮ್ಮಯ್ಯ ಅಂತ ಯಾರು ನಂಬ್ತಾರೆ?” ಅಂದ ತೋಂಟದಾರ್ಯ.

“ಈಗ ಯಾರಾದ್ರೂ ನಂಬ್ತಾರೆ ಬುಡಿ. ಜೀವಂತ ಇದ್ದಿದ್ರೆ ತಾನೆ ಪಕ್ಕದಲ್ಲಿಟ್ಟು ನೋಡೋದು?” ಅಂದ ಕಾಡಸಿದ್ದಪ್ಪ.

ತೋಂಟದಾರ್ಯನಿಗೆ ಆ ಮಾತು ತಲೆಗೆ ಹೋಗಲಿಲ್ಲ. ಅದನ್ನು ಅಲ್ಲೇ ಬಿಟ್ಟು ಆಚೆ ಬಂದ. ಪೇಟೆ ಬಿಕೋ ಅನ್ನುತ್ತಿತ್ತು. ಅಂಗಡಿಗಳೆಲ್ಲ ಅರ್ಧಂಬರ್ಧ ಮುಚ್ಚಿದ್ದವು. ಕೆಂಪಕ್ಕನ ಜಾಗ ಖಾಲಿ. ದೂರದಲ್ಲಿ, ತಿಮ್ಮಯ್ಯನ ಬೀದಿಯ ಕಡೆಯಿಂದ, ಹೆಂಗಸರು ಅಳುವ ಸದ್ದು.

ಅವನು ಆ ಕಡೆಗೇ ಓಡಿದ. ತಿಮ್ಮಯ್ಯನ ಮನೆ ಮುಂದೆ ಇಡೀ ಊರು ನೆರೆದಿತ್ತು. ಜಗಲಿಯ ಮೇಲೆ ನಿಂಗಮ್ಮ ತಲೆಗೂದಲು ಬಿಚ್ಚಿಹೋಗಿ ಕೂತಿದ್ದಳು. ಪಕ್ಕದಲ್ಲಿ ಕೆಂಪಕ್ಕ, ಅವಳ ಮಡಿಲ ತುಂಬ ಹಾರ.

“ಬೆಳಿಗ್ಗೆನೇ ಬಂದು ಫೋಟೋ ಕೇಳಿದ್ರಲ್ಲಣ್ಣ,” ಅವನನ್ನು ಕಂಡಿದ್ದೇ ನಿಂಗಮ್ಮ ಗೋಳಾಡಿದಳು. “ಗೊತ್ತಿದ್ದೂ ಹೇಳ್ಲಿಲ್ವಲ್ಲ ನೀವು!”

ತೋಂಟದಾರ್ಯ ಅಲ್ಲಿದ್ದವರ ಮುಖವನ್ನೆಲ್ಲ ನೋಡಿದ. ತಿಪಟೂರಿಗೆ ಹೋದವನಿಗೆ ಏನಾಯಿತು? ಲಾರಿಯಾ? ರೈಲಾ? ಕೇಳಲು ಬಾಯಿ ಬರಲಿಲ್ಲ. ಇಡೀ ಊರೇ ಅಳುತ್ತಿರುವಾಗ ಸುಳ್ಳೆಂದು ಯಾರಿಗಾದರೂ ಹೇಗೆ ಅನ್ನಿಸಬೇಕು? ತಾನು ಬೆಳಿಗ್ಗೆ ಹಚ್ಚಿದ ಕಿಡಿಯೇ ಊರು ಸುತ್ತಿ ತನ್ನ ಕಾಲಬುಡಕ್ಕೆ ಬಂದಿದೆಯೆಂದು ಅವನಿಗೆ ಹೊಳೆಯಲೇ ಇಲ್ಲ. ಜಗಲಿಯ ಕೆಳಗೆ ಮಣ್ಣಿನಲ್ಲೇ ಕೂತು ಆಲ್ಬಮ್ಮಿಗೆ ಹಣೆ ಚಚ್ಚಿಕೊಂಡ.

“ಒಂದೇ ಒಂದು ಫೋಟೋ ಕೇಳಿದ್ದ ಕಣಮ್ಮ, ಹತ್ಯಾಳು ಬೆಟ್ಟದ ಮೇಲೆ! ರೋಲ್ ಮುಗಿದೋಗುತ್ತೆ ಅಂದೆ. ಇನ್ನೊಂದು ರೋಲ್ ಸಿಕ್ತಿರ್ಲಿಲ್ವಾ? ಅವನ ನೆರಳನ್ನೂ ಕತ್ತರಿಸ್ಬುಟ್ಟೆ!”

“ನೆರಳು ಕತ್ತರಿಸ್ದೆ ಅಂತಾನೆ, ಪಾಪ ತಲೆ ಕೆಟ್ಟದೆ,” ಅಂದರು ಯಾರೋ.

ಮೂರು ಗಂಟೆಯ ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ, ಗುಂಪಿನ ಹಿಂದೆ ಒಬ್ಬ ಮನುಷ್ಯ ಕೊಡೆ ಮಡಿಸಿಕೊಂಡು ಬಂದು ನಿಂತ. ಮುಂದೆ ನಿಂತಿದ್ದ ಮುದುಕನ ಭುಜ ಮುಟ್ಟಿ, ಗೌರವದಿಂದ ಟೋಪಿ ತೆಗೆದು ಕೇಳಿದ: “ಯಾರಪ್ಪ ಹೋಗಿದ್ದು?”

“ಮಲೇರಿಯಾದೋನು,” ಅಂದ ಮುದುಕ, ತಿರುಗದೆ.

“ಅಯ್ಯಯ್ಯೋ! ನಮ್ಮ ಆಪೀಸಿನೋರಾ? ಯಾರು?”

“ಅದೇ, ಸುಣ್ಣ ಹೊಡ್ದಿರೋ ಗೋಡೆ ಮೇಲೆಲ್ಲ ಗೀಚಿ ಕೆಡಿಸ್ತಿದ್ನಲ್ಲ, ತಿಮ್ಮಯ್ಯ ಅಂತ.”

ಹಿಂದಿದ್ದವನು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ಆಮೇಲೆ ನೊಂದ ದನಿಯಲ್ಲಿ ಹೇಳಿದ: “ನಾನು ಗೀಚ್ತಿರ್ಲಿಲ್ಲ ಕಣಜ್ಜ. ತಾರೀಕು ಬರೀತಿದ್ದೆ.”

ಮುದುಕ ತಿರುಗಿದ. ಅವನು ಕಿರುಚಿದ ಕಿರುಚಿಗೆ ತೆಂಗಿನಮರದ ಕಾಗೆಗಳೆಲ್ಲ ಎದ್ದವು.

ಮುಂದಿನ ಹತ್ತು ನಿಮಿಷ ಯಾರು ಯಾರನ್ನು ಹಿಡಿದುಕೊಂಡು ಅಳುತ್ತಿದ್ದಾರೆ, ಯಾರು ನಗುತ್ತಿದ್ದಾರೆ ಎಂದು ಹೇಳುವಂತಿರಲಿಲ್ಲ. ತೋಂಟದಾರ್ಯ ಗೆಳೆಯನನ್ನು ತಬ್ಬಿಕೊಂಡವನು ಬಿಡಲೇ ಇಲ್ಲ. ನಿಂಗಮ್ಮ ಗಂಡನ ತೋಳು ಹಿಡಿದು ನಿಜವೋ ಸುಳ್ಳೋ ಅಂತ ಹಿಸುಕಿ ನೋಡಿದಳು. ಕೊನೆಗೆ ಊರಿನ ಕಣ್ಣೆಲ್ಲ ಕೆಂಪಕ್ಕನ ಮೇಲೆ ಬಿತ್ತು.

“ನನ್ನೇನು ನೋಡ್ತೀರಾ? ಹೋಗ್ತಾರೆ, ಇನ್ನು ಮುಖ ನೋಡಕ್ಕಾಗಲ್ಲ ಅಂತ ಅತ್ತಿದ್ದು ಈ ಲೈಬ್ರರಿ ಅಯ್ಯನೋರು!”

“ವರ್ಗ ಆಗಿ ಹೋಗ್ತಾರೆ ಅಂತ ಕಣಮ್ಮ!”

“ವರ್ಗ ಅಂತ ಬಾಯಿಬುಟ್ಟು ಅನ್ನಕ್ಕೇನಾಗಿತ್ತು? ಐದು ಹಾರ ಕಟ್ಟಿವ್ನಿ, ಯಾರ ಕತ್ತಿಗೆ ಹಾಕ್ಲಿ ಇವನ್ನ?”

“ನನ್ನ ಕತ್ತಿಗೇ ಹಾಕವ್ವ,” ಅಂದ ತಿಮ್ಮಯ್ಯ. “ನಾಲ್ಕು ಗಂಟೆಗೆ ಬೀಳ್ಕೊಡುಗೆ ಐತಲ್ಲ. ಬಾಡೋಗ್ತವೆ ಸುಮ್ನೆ.”

ಅಷ್ಟು ದೊಡ್ಡ ಬೀಳ್ಕೊಡುಗೆ ತುರುವೇಕೆರೆಯಲ್ಲಿ ಅದಕ್ಕೆ ಮುಂಚೆ ಯಾವ ಸರ್ಕಾರಿ ನೌಕರನಿಗೂ ಆಗಿರಲಿಲ್ಲ. ಸಾವಿಗೆಂದು ಸೇರಿದ್ದ ಜನವೆಲ್ಲ ಹಾಗೆ ಹಾಗೇ ವಾಚನಾಲಯದ ಅಂಗಳಕ್ಕೆ ಬಂತು. ಕತ್ತಿನವರೆಗೆ ಚೆಂಡುಹೂವಿನಲ್ಲಿ ಹೂತುಹೋಗಿ ತಿಮ್ಮಯ್ಯ ಕುರ್ಚಿಯ ಮೇಲೆ ಕೂತ. ಪಕ್ಕದಲ್ಲಿ ಇಲಾಖೆಯ ಸಾಹೇಬರು, ಮೊಳಕಾಲ ಮೇಲೆ ಒಂದು ಫೈಲು.

ತೋಂಟದಾರ್ಯ ಮಾತಿಗೆ ಎದ್ದ. ಬರೆದಿಟ್ಟುಕೊಂಡಿದ್ದ ಭಾಷಣ ಎಲ್ಲೋ ಬಿದ್ದುಹೋಗಿತ್ತು. ಬೇಕೂ ಆಗಲಿಲ್ಲ.

“ಸಭಿಕರೇ, ಇವತ್ತು ಅರ್ಧ ತಾಸು ನನ್ನ ಗೆಳೆಯ ಸತ್ತಿದ್ದ. ಆ ಅರ್ಧ ತಾಸಿನಲ್ಲಿ ನನಗೆ ಒಂದು ವರ್ಷ ಪೂರ್ತಿ ಕಾಣಿಸ್ತು. ಹನ್ನೆರಡು ಬೆಟ್ಟ ನನ್ನ ಜೊತೆ ಬಂದ. ಹನ್ನೆರಡು ಸಲ ನನ್ನ ಫೋಟೋ ಹೊಡ್ದ. ಒಂದು ಸಲ, ಒಂದೇ ಒಂದು ಸಲ, ‘ಕೊಡಯ್ಯ ಇಲ್ಲಿ, ನೀನು ನಿಂತ್ಕೋ’ ಅನ್ನಕ್ಕೆ ನನಗಾಗ್ಲಿಲ್ಲ. ಇಂಥಾ ಗೆಳೆಯನ್ನ ಎಲ್ಲಿಗೋ ಎತ್ತಾಕೋದು ಅಂದ್ರೆ ಏನು ನ್ಯಾಯ?” ಅವನ ದನಿ ಏರಿತು. “ನಾವು ಇವರನ್ನ ಕಳಿಸೋದೇ ಬೇಡ! ಈಗ್ಲೇ ಅರ್ಜಿ ಬರೆಯೋಣ. ಎಲ್ರೂ ಸಹಿ ಹಾಕಿ. ವರ್ಗ ರದ್ದಾಗೋವರೆಗೂ ಬಿಡೋದು ಬೇಡ! ಮುಂದಿನ ವರ್ಷ ಇನ್ನೂ ಹನ್ನೆರಡು ಬೆಟ್ಟ ಹತ್ತೋಣ, ಎಲ್ಲಾ ಫೋಟೋದಲ್ಲೂ ತಿಮ್ಮಯ್ಯನೇ ಇರ್ಲಿ!”

ಅಂಗಳ ಚಪ್ಪಾಳೆಯಿಂದ ಗುಡುಗಿತು. ಗಿಡ್ಡಯ್ಯ ಕಾಗದ ತರಲು ಎದ್ದೇಬಿಟ್ಟ. ಹಾರಗಳ ನಡುವೆ ತಿಮ್ಮಯ್ಯನ ಮುಖ ಸುಣ್ಣದಂತೆ ಬಿಳುಚಿಕೊಂಡಿತು. ಅವನು ಸಾಹೇಬರ ಕಡೆ ನೋಡಿದ. ಬೇಡ ಎನ್ನುವಂತೆ ಸಣ್ಣಗೆ ಕೈಯಾಡಿಸಿದ. ಸಾಹೇಬರು ಅದನ್ನು ಬೇರೆಯೇ ಅರ್ಥ ಮಾಡಿಕೊಂಡು ಎದ್ದು ನಿಂತರು.

“ದಯವಿಟ್ಟು ಕೂತ್ಕೊಳ್ಳಿ. ಅರ್ಜಿ ಬರೆಯೋ ಅಗತ್ಯ ಇಲ್ಲ. ಇಲಾಖೆ ಯಾರಿಗೂ ಅನ್ಯಾಯ ಮಾಡಿಲ್ಲ. ಈ ವರ್ಗ ತಿಮ್ಮಯ್ಯನವರೇ ಕೇಳಿ ತಗೊಂಡಿದ್ದು. ಒಂದಲ್ಲ, ಆರು ತಿಂಗಳಲ್ಲಿ ಮೂರು ಅರ್ಜಿ ಕೊಟ್ಟಿದ್ದಾರೆ. ಬೇಕಾದ್ರೆ ಕೇಳಿ.” ಫೈಲು ಬಿಚ್ಚಿ ಕನ್ನಡಕ ಏರಿಸಿದರು. “‘ಈ ಭಾಗದ ಬೆಟ್ಟಗುಡ್ಡಗಳಿಂದಾಗಿ ನನ್ನ ಎರಡೂ ಮಂಡಿಗಳು ಸವೆದಿರುತ್ತವೆ. ಆದ್ದರಿಂದ ಘನ ಇಲಾಖೆಯವರು ದಯಮಾಡಿ ನನ್ನನ್ನು ಯಾವುದಾದರೂ ಬಯಲು ಪ್ರದೇಶಕ್ಕೆ ವರ್ಗಾಯಿಸಬೇಕಾಗಿ ಪ್ರಾರ್ಥನೆ.’”

ಸಾಹೇಬರು ಕನ್ನಡಕ ಕೆಳಗಿಳಿಸಿ ನಕ್ಕರು. “ಇದನ್ನ ಓದಿ ನಾನೇ ತಬ್ಬಿಬ್ಬಾದೆ. ನನ್ನ ಸರಹದ್ದಿನಲ್ಲಿ ಹತ್ತೋ ಅಂಥಾದ್ದು ಅಂತ ಇರೋದು ನಮ್ಮ ಆಫೀಸಿನ ನಾಲ್ಕು ಮೆಟ್ಟಿಲು. ಬೆಟ್ಟ ಎಲ್ಲಿಂದ ಬಂತು ಅಂತ ಇವತ್ತಿಗೂ ನನಗೆ ತಿಳಿದಿಲ್ಲ.”

ಜನ ಗೊಳ್ಳೆಂದು ನಕ್ಕಿತು. ಆ ನಗು ಒಂದೊಂದು ಕಡೆ ನಿಲ್ಲುತ್ತಾ ಬಂತು. ಮೊದಲು ಗುರುಶಾಂತಮ್ಮ ತಲೆ ತಗ್ಗಿಸಿದಳು. ಆಮೇಲೆ ನಿಂಗಮ್ಮ. ಗಿಡ್ಡಯ್ಯ ಕಾಗದ ಹಿಡಿದುಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತ. ಕೊನೆಗೆ ಅಂಗಳದಲ್ಲಿ ತೋಂಟದಾರ್ಯನನ್ನು ನೋಡದವರು ಸಾಹೇಬರೊಬ್ಬರೇ.

ಬಸ್ ನಿಲ್ದಾಣಕ್ಕೆ ಇಬ್ಬರೂ ನಡೆದುಕೊಂಡು ಹೋದರು. ನಿಂಗಮ್ಮ ಗುರುಶಾಂತಮ್ಮನ ಜೊತೆ ಮುಂದೆ ಹೋಗಿದ್ದಳು.

“ಬೇಜಾರು ಮಾಡ್ಕೋಬೇಡಿ,” ಅಂದ ತಿಮ್ಮಯ್ಯ. “ನಿಮ್ಮ ಮೇಲೆ ಸಿಟ್ಟಿಗೆ ಕೊಟ್ಟ ಅರ್ಜಿ ಅಲ್ಲ ಅದು. ಮೂರನೇ ಬೆಟ್ಟಕ್ಕೇ ಮಂಡಿ ಊದ್ಕೊಂಡಿತ್ತು. ಬರಲ್ಲ ಅನ್ನಕ್ಕೆ ನಾಲಿಗೆ ಏಳ್ಲಿಲ್ಲ.”

“ಅದಕ್ಕೆ ಸಿಂಧನೂರಿಗೆ ಹೋಗ್ತಾ ಇದ್ದೀಯಾ?”

“ಅಲ್ಲಿ ಒಂದು ದಿಬ್ಬಾನೂ ಇಲ್ವಂತೆ.”

ತೋಂಟದಾರ್ಯ ನಡಿಗೆಯನ್ನು ನಿಧಾನ ಮಾಡಿದ. ಆಮೇಲೆ ಹೇಳಿದ: “ನಿನಗೆ ಬರಲ್ಲ ಅನ್ನಕ್ಕೆ ಬರ್ಲಿಲ್ಲ. ಬತ್ತೀಯಾ ಅಂತ ನಾನೂ ಒಂದು ದಿನ ಕೇಳ್ಲಿಲ್ಲ ಕಣಯ್ಯ. ಬಾ ಅಂದೆ, ಅಷ್ಟೆ.”

“ಆಗ್ಲಿ ಬುಡಿ,” ಅಂದ ತಿಮ್ಮಯ್ಯ.

ಬಸ್ಸು ಬಂದು ನಿಂತಿತ್ತು. ತೋಂಟದಾರ್ಯ ಆಲ್ಬಮ್ಮನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. ತಿಮ್ಮಯ್ಯನೇ ಕೈ ಚಾಚಿದ.

“ಅದು ನಂಗೆ ತಾನೆ? ಕೊಡಿ.”

“ಇದ್ರಲ್ಲಿ ನೀನೇ ಇಲ್ಲ ಕಣಯ್ಯ.”

ತಿಮ್ಮಯ್ಯ ನಿಂತಲ್ಲೇ ಆಲ್ಬಮ್ ಬಿಚ್ಚಿ ಒಂದೊಂದೇ ಹಾಳೆ ತಿರುವಿದ. ಅವನ ಮುಖದಲ್ಲಿ ನಿಧಾನವಾಗಿ ಒಂದು ಹೆಮ್ಮೆ ಮೂಡಿತು. “ನೋಡಿ, ಒಂದ್ರಲ್ಲಾದ್ರೂ ಕೈ ಅಲ್ಲಾಡೈತಾ? ಶಿವಗಂಗೇಲಿ ಎಂಥಾ ಗಾಳಿ ಇತ್ತು!” ಅಂದು ಜೋಪಾನವಾಗಿ ಮುಚ್ಚಿ ಕಂಕುಳಲ್ಲಿಟ್ಟುಕೊಂಡ.

ಕಂಡಕ್ಟರ್ ರೈಟ್ ಹೇಳಲು ಬಾಯಿ ತೆರೆದವನು ತಡೆದು ನಿಂತ. ತಿಮ್ಮಯ್ಯ ಬಸ್ಸಿನ ಕಂಬಿ ಹಿಡಿದು ಒಂದು ಕಾಲನ್ನು ಮೊದಲನೇ ಮೆಟ್ಟಿಲ ಮೇಲಿಟ್ಟ. ಇನ್ನೊಂದು ಕಾಲನ್ನು ಕೈಯಿಂದ ಎತ್ತಿ ಅದರ ಪಕ್ಕ ತಂದಿಟ್ಟ. ಹಲ್ಲು ಕಚ್ಚಿಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಎರಡನೇ ಮೆಟ್ಟಿಲು. ಮತ್ತೆ ನಿಂತ. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಹಣೆಯ ಮೇಲೆ ಬೆವರು ಮೂಡಿತ್ತು.

ಹನ್ನೆರಡು ಬೆಟ್ಟದಲ್ಲೂ ತೋಂಟದಾರ್ಯ ಮುಂದೆ, ತಿಮ್ಮಯ್ಯ ಹಿಂದೆ. ಅವನು ಹತ್ತುವುದನ್ನು ತೋಂಟದಾರ್ಯ ನೋಡಿದ್ದು ಅದೇ ಮೊದಲು.